ಫ್ರಿಜ್ಜಿನಲ್ಲಿ ಬೇರಿಂಗು

ಬೆಳಕು ಹರಿಯುವ ಮುಂಚೆ ಅವಳು ಮುಗಿಸುತ್ತಿದ್ದ ಕೆಲಸಗಳು ಇವು. ನಲ್ಲಿ ಗೊರಗೊರ ಅಂದ ಕೂಡಲೇ ಎದ್ದು ಡ್ರಮ್ಮಿಗೆ ಪೈಪು ಬಿಡುವುದು. ಅದು ತುಂಬುವುದರೊಳಗೆ ಒಲೆಯ ಒಂದು ಬದಿಗೆ ಚಹಾಕ್ಕೆ, ಇನ್ನೊಂದು ಬದಿಗೆ ಗ್ರೀಸು ಹತ್ತಿದ ಬಟ್ಟೆಚೂರುಗಳನ್ನು ಕುದಿಸಲು ನೀರಿಡುವುದು. ಹಿಂದಿನ ಸಂಜೆ ಸೀಮೆಎಣ್ಣೆಯಲ್ಲಿ ನೆನೆಹಾಕಿದ್ದ ನಟ್ಟು ಬೋಲ್ಟುಗಳನ್ನು ಜರಡಿಗೆ ಸುರಿದು ಬಸಿಯುವುದು. ಆ ಜರಡಿ ಒಂದು ಕಾಲದಲ್ಲಿ ಹಿಟ್ಟಿನದು. ಒಂದೊಂದನ್ನೂ ಒರೆಸಿ ಅಳತೆಗೆ ತಕ್ಕ ಡಬ್ಬಿಗೆ ಹಾಕುವುದು. ಗಂಡನ ಕೆಲಸದ ಅಂಗಿಯ ಕಾಲರನ್ನು ಕಲ್ಲಿಗೆ ಉಜ್ಜುವುದು. ಗ್ಯಾರೇಜಿನಿಂದ ಒಳಮನೆಯವರೆಗೆ ಮೂಡಿದ ಕಪ್ಪು ಹೆಜ್ಜೆಗಳನ್ನು ಬಗ್ಗಿ ಒರೆಸುವುದು. ಆಮೇಲೆ ಕೈ ತೊಳೆಯುವುದು. ಪಾತ್ರೆ ಪುಡಿಯಿಂದ ಒಮ್ಮೆ, ಬಟ್ಟೆ ಸೋಪಿನಿಂದ ಒಮ್ಮೆ, ಮೈಸೋಪಿನಿಂದ ಮತ್ತೊಮ್ಮೆ, ಉಗುರಿನ ಸಂದಿಯಲ್ಲಿ ಎಳೆಯಷ್ಟೂ ಕಪ್ಪು ಉಳಿಯದ ಹಾಗೆ.

ಏಕೆಂದರೆ ಅದಾದ ಮೇಲಿನ ಕೆಲಸ ಮಗಳದು. ನಿದ್ದೆಗಣ್ಣಿನಲ್ಲೇ ಚಾಚಿದ ಬೆರಳಿಗೆ ಸೂಜಿ ಚುಚ್ಚಿ ರಕ್ತದ ಹನಿಯನ್ನು ಸಕ್ಕರೆ ಅಳೆಯುವ ಮೀಟರಿಗೆ ಕೊಟ್ಟು, ಫ್ರಿಜ್ಜಿನ ಬಾಗಿಲಿನಿಂದ ಇನ್ಸುಲಿನ್ ಬಾಟಲಿ ತೆಗೆದು, ಎರಡು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ, ಒಳಗಿನದು ಹಾಲಿನಂತೆ ಒಂದೇ ಸಮ ಆದಮೇಲೆ ಸಿರಿಂಜಿಗೆ ಎಳೆದು, ಮಗಳ ಹೊಟ್ಟೆಯ ಚರ್ಮವನ್ನು ಚಿವುಟಿ ಹಿಡಿದು ಕೊಡುವುದು. ಮತ್ತೆ ಅಡುಗೆ, ಊಟದ ಡಬ್ಬಿ, ಜಡೆ. ಇಷ್ಟರ ನಡುವೆ ಗ್ಯಾರೇಜಿನಿಂದ "ಲೇ, ದೀಪ ಹಿಡಿ!" ಎಂಬ ಕೂಗು ಬಂದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಓಡುವುದು.

ಈ ಕೆಲಸಗಳಲ್ಲಿ ಅರ್ಧದಷ್ಟು ಅವಳ ಮದುವೆಯಾದಾಗ ಇರಲಿಲ್ಲ. ಗಂಡ ಆಗ ಒಂದು ಕಾರ್ಖಾನೆಯ ಸ್ಟೋರ್ ಕೀಪರು. ಸಾವಿರಾರು ಬಿಡಿಭಾಗಗಳ ನಡುವೆ ಕಣ್ಣು ಮುಚ್ಚಿ ನಡೆದು ಕೇಳಿದ್ದನ್ನು ತಂದುಕೊಡುತ್ತಿದ್ದ ಮನುಷ್ಯ. "ತೆಗೆದ ಜಾಗಕ್ಕೆ ವಾಪಸ್" ಎಂಬುದು ಅವನ ಜಪ. ಉಪ್ಪಿನ ಡಬ್ಬಿ ಎಡದಿಂದ ಬಲಕ್ಕೆ ಸರಿದರೂ ಅವನಿಗೆ ಊಟ ರುಚಿಸದು. ಮದುವೆಯಾದ ಹೊಸತರಲ್ಲಿ ಅವಳಿಗೆ ಅದು ಚಂದವೇ ಅನ್ನಿಸಿತ್ತು. ಕುಡಿದು ಚಪ್ಪಲಿ ಒಂದು ಕಡೆ, ಅಂಗಿ ಒಂದು ಕಡೆ ಎಸೆಯುವ ಅಪ್ಪನನ್ನು ಕಂಡು ಬೆಳೆದವಳು ಅವಳು. ಗಂಡ ತನ್ನ ಚಪ್ಪಲಿಗಳನ್ನು ಜೋಡಿಸಿಡುವುದನ್ನು ನೋಡಿ, ಬದುಕಿದೆ ಅಂದುಕೊಂಡಿದ್ದಳು.

ಕಾರ್ಖಾನೆ ಮುಚ್ಚಿತು. ಒಂದಷ್ಟು ತಿಂಗಳು ಅವನು ಬೆಳಗ್ಗೆ ಎದ್ದು, ಇಸ್ತ್ರಿ ಅಂಗಿ ತೊಟ್ಟು, ಹೋಗಲು ಎಲ್ಲೂ ಇಲ್ಲದೆ ನಡುಮನೆಯಲ್ಲಿ ಕೂತಿರುತ್ತಿದ್ದ. ಮಾತಾಡಿಸಿದರೆ ಬೆಚ್ಚಿಬೀಳುತ್ತಿದ್ದ. ಒಂದು ದಿನ ಅವಳು ಹೊಲಿಗೆ ಕೆಲಸದಿಂದ ಬಂದಾಗ ಬೇಳೆಯ ಡಬ್ಬಿಗಳನ್ನೆಲ್ಲ ನೆಲಕ್ಕೆ ಸುರಿದು ಮತ್ತೆ ತುಂಬಿಸುತ್ತಿದ್ದ. ಹಾಗಾಗಿ ಒಂದು ಬೆಳಗ್ಗೆ ಮನೆಯ ಮುಂದೆ ಇನ್ನೊಂದು ಗಾಡಿಯ ಬೆನ್ನಿಗೆ ಕಟ್ಟಿಸಿಕೊಂಡು ಬಾಗಿಲಿಲ್ಲದ, ಗಾಜಿಲ್ಲದ ಒಂದು ಹಳೆಯ ಕಾರು ಬಂದು ನಿಂತಾಗ, ಅದರ ಪಕ್ಕ ಅವನು ಅಷ್ಟು ತಿಂಗಳ ನಂತರ ಹಲ್ಲು ತೋರಿಸಿ ನಕ್ಕಾಗ, ಅವಳ ಬಾಯಿಂದ ಬೇಡ ಎಂಬ ಮಾತು ಹೊರಡಲಿಲ್ಲ.

"ಇದನ್ನ ಹೊಸದರ ಹಾಗೆ ಮಾಡಿ ನಿಲ್ಲಿಸ್ತೀನಿ ನೋಡು," ಅಂದ. "ಇದೊಂದು ಆಗಲಿ. ಆಮೇಲೆ ಬೇರೆಯವರ ಗಾಡಿಗಳು ಸಾಲು ಹಿಡಿದು ಬರ್ತವೆ. ಮನೆಯಲ್ಲೇ ವರ್ಕ್‌ಶಾಪು. ನೀನೂ ಆ ಟೈಲರಮ್ಮನ ಹತ್ರ ಕಣ್ಣು ಕಳ್ಕೊಳ್ಳೋದು ತಪ್ಪುತ್ತೆ."

ಗ್ಯಾರೇಜು ಅಂದರೆ ಮನೆಯ ಪಕ್ಕಕ್ಕೆ ಅಂಟಿಕೊಂಡ, ಶಟರು ಹಾಕಿದ ಉದ್ದನೆಯ ಕೋಣೆ. ಅಡುಗೆಮನೆಯಿಂದ ಅದಕ್ಕೊಂದು ಒಳಬಾಗಿಲು. ಅಲ್ಲಿ ಅವಳ ಹೊಲಿಗೆ ಯಂತ್ರವಿತ್ತು, ಮೋಡದ ದಿನಗಳಲ್ಲಿ ಬಟ್ಟೆ ಒಣಗಿಸುವ ಹಗ್ಗವಿತ್ತು. ಹಗ್ಗ ಬಿಚ್ಚಿದ ಜಾಗಕ್ಕೆ ಎಂಜಿನ್ ಎತ್ತುವ ಸರಪಳಿ ರಾಟೆ ಬಂತು. ಯಂತ್ರ ಮೆಟ್ಟಿಲ ಕೆಳಗಿನ ಕತ್ತಲೆಗೆ ಹೋಯಿತು. ಅದರ ಮೇಜು ಮಾತ್ರ ಹೋಗಲಿಲ್ಲ. ಗಟ್ಟಿ ಮರದ ಮೇಜು ಅಂತ ಅದಕ್ಕೊಂದು ಹಳೆ ಬಾಗಿಲನ್ನು ಜೋಡಿಸಿ, ತುದಿಗೆ ಬಿಡಿಭಾಗ ಕಚ್ಚಿ ಹಿಡಿಯುವ ಕಬ್ಬಿಣದ ವೈಸು ಬಿಗಿದು, ಕೆಲಸದ ಬೆಂಚು ಮಾಡಿದ. ಗಾಳಿಯ ಕಂಪ್ರೆಸರು ಬಂತು. ಅದು ಗುಡುಗಿದಾಗಲೆಲ್ಲ ಮನೆಯ ದೀಪಗಳು ಕಣ್ಣು ಮಿಟುಕಿಸಿ ಫ್ಯೂಸು ಹಾರುತ್ತಿತ್ತು. ಕಾರನ್ನು ನಾಲ್ಕು ಸ್ಟ್ಯಾಂಡುಗಳ ಮೇಲೆ ಎತ್ತಿ ಕೂರಿಸಿದ. ಗ್ಯಾರೇಜಿಗೆ ಹಿಡಿಸದ್ದು ಮನೆಯೊಳಗೆ ಹರಿಯಿತು. ಹಿಂದಿನ ಸೀಟಿನ ಮೇಲೆ ಕೂತು ಅವರು ಟೀವಿ ನೋಡಿದರು. ಬಂಪರು ಮಗಳ ಮಂಚದ ಕೆಳಗೆ ಮಲಗಿತು. ಅಡುಗೆಮನೆಯಿಂದಲೂ ಒಂದೊಂದೇ ಎದ್ದು ನಡೆದವು: ಅಗಲ ತಟ್ಟೆ ಸೋರುವ ಎಣ್ಣೆ ಹಿಡಿಯಲು, ಲೋಟ ಪೇಂಟು ಕಲಸಲು, ಜರಡಿ ನಿಮಗೆ ಗೊತ್ತೇ ಇದೆ.

ಬೆಂಚಿನ ಮೇಲಿನ ಗೋಡೆಗೆ ದೊಡ್ಡ ಹಲಗೆ ಬಡಿದು, ಒಂದೊಂದು ಉಪಕರಣವನ್ನೂ ಅದರ ಮೊಳೆಗೆ ನೇತುಹಾಕಿ, ಸುತ್ತ ಬಿಳಿ ಪೇಂಟಿನಲ್ಲಿ ಗೆರೆ ಎಳೆದ. ಸುತ್ತಿಗೆಗೆ ಸುತ್ತಿಗೆಯ ನೆರಳಿನಂಥ ಗೆರೆ, ಇಕ್ಕಳಕ್ಕೆ ಇಕ್ಕಳದ್ದು, ಕೈದೀಪಕ್ಕೆ ಕೈದೀಪದ್ದು. ಯಾವುದು ತನ್ನ ಜಾಗದಲ್ಲಿಲ್ಲವೋ ಅದರ ಖಾಲಿ ಗೆರೆ ದೂರದಿಂದಲೇ ಕಾಣುತ್ತಿತ್ತು. ಕಂಡರೆ ಅವನು ಕಾರಿನಡಿಯಿಂದಲೇ ಕೇಳುತ್ತಿದ್ದ: "ಹನ್ನೆರಡು ಎಲ್ಲೇ?"

ನಟ್ಟು ತಿರುಗಿಸುವ ಪಾನಾಗಳನ್ನು ಅವನು ನಂಬರಿನಿಂದಲೇ ಕರೆಯುವುದು. ಅವನು ಕಾರಿನ ಕೆಳಗೆ ಅಂಗಾತ ಮಲಗಿ ಕೈ ಚಾಚಿ "ಹದಿಮೂರು!" ಅಂದರೆ, ಅವಳು ಒಂದು ಕೈಯಲ್ಲಿ ದೀಪ ಹಿಡಿದು ಇನ್ನೊಂದು ಕೈಯಿಂದ ಹದಿಮೂರನೇ ನಂಬರಿನ ಪಾನಾ ಆ ಅಂಗೈಗೆ ಇಡಬೇಕು. ದೀಪ ಅಲುಗಬಾರದು. ಅವಳು ಅಂಗಿಗಳಿಗೆ ಕಾಜಾ ಹೊಲಿಯಲು ಹೋಗುತ್ತಿದ್ದ ಟೈಲರಮ್ಮನ ಅಂಗಡಿ ಎದುರು ಬೀದಿಯಲ್ಲೇ ಇದ್ದುದರಿಂದ ಆ ಕೂಗು ಅಲ್ಲಿಗೂ ಕೇಳುತ್ತಿತ್ತು.

"ಅಲ್ಲಮ್ಮ," ಟೈಲರಮ್ಮ ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಕೇಳಿದ್ದಳು, "ನಿನ್ನ ಗಂಡನಿಗೆ ನಿನ್ನ ಹೆಸರು ಮರೆತುಹೋಗಿದೆಯಾ? ಬೆಳಗಾದ್ರೆ ಹದಿಮೂರು, ಬೈಗಾದ್ರೆ ಹದಿಮೂರು."

"ಅದು ಪಾನಾ ಅಕ್ಕಾ."

"ಗೊತ್ತು ಕಣೇ. ಪಾನಾಕ್ಕಾದ್ರೂ ಗೋಡೆ ಮೇಲೆ ಒಂದು ಮೊಳೆ ಇದೆ. ನಿನಗೆಲ್ಲಿದೆ?"

ಅಂದಿನಿಂದ ಅಂಗಡಿಯಲ್ಲಿ ಅವಳ ಹೆಸರು ಹದಿಮೂರು. "ಏ ಹದಿಮೂರು, ಗುಂಡಿ ತಾ." "ಹದಿಮೂರಿಗೆ ಚಹಾ ಕೊಡ್ರೇ." ಅವಳೂ ನಗುತ್ತಿದ್ದಳು. ಹೊಸದರಲ್ಲಿ ಅಗಸ ಗೋಣಿಯನ್ನೂ ಎತ್ತೆತ್ತಿ ಒಗೆದನಂತೆ, ಇವನ ಹುಚ್ಚೂ ಒಂದು ದಿನ ಇಳಿಯುತ್ತದೆ ಎಂದು ಟೈಲರಮ್ಮ ಹೇಳಿದರೆ, ಇಳಿಯದಿರಲಿ ಎಂದು ಅವಳು ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು. ಇಸ್ತ್ರಿ ಅಂಗಿ ತೊಟ್ಟು ಗೋಡೆ ನೋಡುತ್ತ ಕೂತಿದ್ದ ಆ ಗಂಡಸು ವಾಪಸು ಬರುವುದಕ್ಕಿಂತ, ದೀಪ ಹಿಡಿದು ತೋಳು ಸೋಲುವುದು ಎಷ್ಟೋ ವಾಸಿ.

ಮಗಳಿಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದದ್ದು ಅವಳು ಎರಡನೇ ತರಗತಿಯಲ್ಲಿದ್ದಾಗ. ಮಕ್ಕಳಿಗೆ ಬರುವ ಈ ಬಗೆಗೆ ಮಾತ್ರೆ ಇಲ್ಲ, ಪಥ್ಯದಿಂದ ಹೋಗುವುದಿಲ್ಲ. ದಿನಾ ಇನ್ಸುಲಿನ್ ಬೇಕು, ಬದುಕಿರುವವರೆಗೆ. ಆಸ್ಪತ್ರೆಯ ಸಿಸ್ಟರು ಗಂಡಹೆಂಡಿರನ್ನು ಎದುರು ಕೂರಿಸಿ ಮಗ್ಗಿ ಒಪ್ಪಿಸಿದ ಹಾಗೆ ಹೇಳಿದ್ದಳು: ಬಿಸಿಲಿಗೆ ಇಡಬೇಡಿ, ಹೆಪ್ಪುಗಟ್ಟಲೂ ಬಿಡಬೇಡಿ, ಫ್ರಿಜ್ಜಿನ ಬಾಗಿಲಲ್ಲಿ ಇಡಿ. ಗಂಡ ಮನೆಗೆ ಬಂದವನೇ ಫ್ರಿಜ್ಜಿನ ಬಾಗಿಲಿನ ಮೇಲ್ತಟ್ಟೆಯಲ್ಲಿ ಬಾಟಲಿಗಳ ಪೆಟ್ಟಿಗೆ ಕೂರುವಷ್ಟು ಜಾಗಕ್ಕೆ ಬಿಳಿ ಪೇಂಟಿನ ಚೌಕ ಎಳೆದು, ಒಳಗೆ ಗುಂಡಗಿನ ಅಕ್ಷರದಲ್ಲಿ "ಮದ್ದು" ಎಂದು ಬರೆದ. ಆ ಚೌಕದೊಳಗೆ ಬೇರೆ ಯಾರೂ ಏನೂ ಇಡುವಂತಿಲ್ಲ. ಅವಳಿಗೆ ಅವನ ಮೇಲೆ ಹೆಚ್ಚು ಪ್ರೀತಿ ಬಂದ ದಿನ ಯಾವುದು ಅಂತ ಕೇಳಿದರೆ ಬಹುಶಃ ಅದನ್ನೇ ಹೇಳುತ್ತಿದ್ದಳು.

ಕಾರಿನ ಕೆಲಸ ಮುಂದಿನ ಚಕ್ರದ ಬೇರಿಂಗಿಗೆ ಬಂದು ನಿಂತಿತು. ಚಕ್ರ ತಿರುಗಲು ಬೇಕಾದ ಆ ಉಕ್ಕಿನ ಬಳೆ ತಾನು ಕೂರುವ ಕಬ್ಬಿಣದ ಮನೆಯೊಳಗೆ ಇಳಿಯಲೊಲ್ಲದು. ಹೊಡೆದರೆ ಒಡೆಯುತ್ತದೆ. ಅವನು ಫೋನಿನಲ್ಲಿ ಯಾರ್ಯಾರದೋ ವೀಡಿಯೊ ನೋಡಿ ಒಂದು ಸಂಜೆ ಅಡುಗೆಮನೆಗೆ ಬಂದು ವಿವರಿಸಿದ.

"ಕಬ್ಬಿಣ ಕಾದ್ರೆ ಹಿಗ್ಗುತ್ತೆ, ತಣ್ಣಗಾದ್ರೆ ಕುಗ್ಗುತ್ತೆ. ಬೇರಿಂಗನ್ನ ಫ್ರೀಜರಲ್ಲಿ ಇಟ್ಟು ಚೆನ್ನಾಗಿ ಕುಗ್ಗಿಸಬೇಕು. ಅದರ ಮನೆಯನ್ನ ನಿನ್ನ ಒಲೆ ಮೇಲೆ ಕಾಯಿಸಬೇಕು. ಆಗ ಬೆಣ್ಣೆಯೊಳಗೆ ಚಾಕು ಹೋದ ಹಾಗೆ ಒಳಗೆ ಹೋಗುತ್ತೆ."

"ಫ್ರಿಜ್ಜಲ್ಲಿ ಮಗು ಮದ್ದಿದೆ ರೀ. ತಂಪಿನ ತಿರುಪು ಜಾಸ್ತಿ ಮಾಡೋ ಹಾಗಿಲ್ಲ."

"ನನಗೆ ಗೊತ್ತಿಲ್ವಾ?" ಎಂದ ಅವನು. ಆ ಮಾತು ಅಲ್ಲಿಗೇ ನಿಂತಿತು.

ಅದೇ ವಾರ ಅವಳು ಮಗಳನ್ನು ಕರೆದುಕೊಂಡು ತಂಗಿಯ ಮನೆಗೆ ಎರಡು ದಿನ ಹೋಗಿಬಂದಳು. ಬಳಸುತ್ತಿದ್ದ ಬಾಟಲಿಯನ್ನು ತಂಪು ಡಬ್ಬಿಯಲ್ಲಿ ಜೊತೆಗೆ ಒಯ್ದಿದ್ದಳು. ಮುಂದಿನ ತಿಂಗಳುಗಳ ಬಾಟಲಿಗಳ ಪೆಟ್ಟಿಗೆ ಚೌಕದೊಳಗೇ ಇತ್ತು. ವಾಪಸು ಬಂದಾಗಲೂ ಚೌಕದೊಳಗೇ ಇತ್ತು. ಗ್ಯಾರೇಜಿನಲ್ಲಿ ಬಲಗಡೆಯ ಚಕ್ರ ಬೆರಳಿನಲ್ಲಿ ಮುಟ್ಟಿದರೆ ಬುಗುರಿಯ ಹಾಗೆ ತಿರುಗುತ್ತಿತ್ತು. ಅವನು ತಾಯಿಮಗಳಿಬ್ಬರನ್ನೂ ಕರೆದು ತಿರುಗಿಸಿ ತೋರಿಸಿದ. ಮಗಳು ಚಪ್ಪಾಳೆ ಹೊಡೆದಳು.

ಬಳಸುತ್ತಿದ್ದ ಬಾಟಲಿ ಮುಗಿದು ಪೆಟ್ಟಿಗೆಯಿಂದ ಹೊಸದನ್ನು ತೆಗೆದ ಬೆಳಗ್ಗೆ, ಅಂಗೈಯಲ್ಲಿ ಎಷ್ಟು ಉರುಳಿಸಿದರೂ ಗಾಜಿನ ಒಳಮೈಗೆ ರವೆಯಂಥ ಸಣ್ಣ ಕಾಳು ಅಂಟಿಕೊಂಡೇ ಇತ್ತು. ಈ ಸಲದ ಸರಕು ಹೀಗಿರಬೇಕು ಅಂದುಕೊಂಡು ಇನ್ನಷ್ಟು ಹೊತ್ತು ಉರುಳಿಸಿದಳು. ಆಗಲೇ ಗ್ಯಾರೇಜಿನಿಂದ "ಹದಿಮೂರು!" ಎಂಬ ಕೂಗು ಬಂದಿತ್ತು.

ಆಮೇಲೆ ಮೀಟರು ಹುಚ್ಚು ಹಿಡಿದಂತೆ ಏರತೊಡಗಿತು. ಬೆಳಗ್ಗೆ ಏರು, ಸಂಜೆ ಇನ್ನೂ ಏರು. ಮಗಳು ಕೊಡಗಟ್ಟಲೆ ನೀರು ಕುಡಿದಳು, ತರಗತಿಯಿಂದ ಮತ್ತೆ ಮತ್ತೆ ಎದ್ದು ಹೋದಳು, ಮೂರನೇ ತರಗತಿಯಲ್ಲಿ ಬಿಟ್ಟಿದ್ದ ಹಾಸಿಗೆ ಒದ್ದೆಯಾಗುವುದು ಮತ್ತೆ ಶುರುವಾಯಿತು. ಅವಳು ಅನ್ನದ ಅಳತೆ ಕಡಿಮೆ ಮಾಡಿದಳು. ಆಸ್ಪತ್ರೆಗೆ ಫೋನು ಮಾಡಿದರೆ, ಪ್ರಮಾಣ ಸ್ವಲ್ಪ ಏರಿಸಿ ನೋಡಿ, ಸಿಹಿ ಏನಾದರೂ ತಿನ್ನುತ್ತಿದ್ದಾಳಾ ಗಮನಿಸಿ ಎಂದರು. ಏರಿಸಿದಳು. ಸತ್ತ ಮದ್ದನ್ನು ಎಷ್ಟು ಏರಿಸಿದರೇನು?

"ನಿನ್ನ ಕೈ ಸಡಿಲ," ಗಂಡ ದೂರಿದ. "ಅತ್ತರೆ ಕೊಟ್ಟುಬಿಡ್ತೀಯ. ಏನು ತಿನ್ನಿಸ್ತಿದೀಯೋ ಏನೋ."

ಆ ಮಾತು ಅವಳ ಕಿವಿಯಲ್ಲಿ ಇರುವೆಯ ಹಾಗೆ ಹೊಕ್ಕಿತು. ತಾನು ಕೊಟ್ಟಿಲ್ಲವೆಂದರೆ ಬೇರೆ ಯಾರು? ಮಗಳು ಶಾಲೆಯಿಂದ ಬಂದ ಕೂಡಲೇ ತಾಯಿ ಅವಳ ಚೀಲ ಸುರಿದಳು. ಕಂಪಾಸಿನ ಡಬ್ಬಿಯೊಳಗೆ ಒಂದು ಚಾಕಲೇಟಿನ ಕಾಗದ ಸಿಕ್ಕಿತು.

"ಇದೇನಿದು?"

"ಕಾಗದ ಅಮ್ಮ. ಹೊಳಿಯುತ್ತೆ ಅಂತ ಇಟ್ಕೊಂಡಿದೀನಿ."

"ಒಳಗಿದ್ದಿದ್ದು ಎಲ್ಲಿ?"

"ನಾನು ತಿಂದಿಲ್ಲ ಅಮ್ಮ. ಬೆಂಚಿನವಳು ತಿಂದಳು. ನನಗೆ ಕಾಗದ ಕೊಟ್ಟಳು. ನಿಜವಾಗ್ಲೂ."

ಅವಳು ಹೊಡೆದಳು. ಜೀವಮಾನದಲ್ಲಿ ಆ ಮಗುವಿಗೆ ಸೂಜಿಯಲ್ಲದೆ ಬೇರೆ ನೋವು ಕೊಟ್ಟಿರದ ಕೈ ಕೆನ್ನೆಯ ಮೇಲೆ ಬಿತ್ತು. ಮಗಳು ಅಳಲಿಲ್ಲ. ಕಾಗದವನ್ನು ಅಂಗಿಯ ಮೇಲಿಟ್ಟು ಸುಕ್ಕು ತೀಡಿ ಮತ್ತೆ ಡಬ್ಬಿಗೆ ಹಾಕಿಕೊಂಡಳು. ಅಂದಿನಿಂದ ಬೆಳಗ್ಗೆ ಬೆರಳು ಚಾಚುವಾಗ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

ಅದಾದ ಕೆಲವೇ ದಿನಕ್ಕೆ ಮಗಳು ಬೆಳಗಿನ ತಿಂಡಿಯ ಮುಂದೆ ಕೂತವಳು ವಾಂತಿ ಮಾಡಿಕೊಂಡಳು. ಉಸಿರು ಓಡಿಬಂದವರ ಹಾಗೆ ಆಳಕ್ಕೆ ಹೋಗಿ ಬರುತ್ತಿತ್ತು. ಬಾಯಿಂದ ಕೊಳೆತ ಹಣ್ಣಿನ ವಾಸನೆ. ಹೆಸರು ಹಿಡಿದು ಕೂಗಿದರೆ ಕಣ್ಣು ತೆರೆದು, ಯಾರೋ ಎಂಬಂತೆ ನೋಡಿ ಮುಚ್ಚಿಕೊಂಡಳು. ಅವಳು ಮಗಳನ್ನು ಹೆಗಲಿಗೆ ಹಾಕಿಕೊಂಡು ಗ್ಯಾರೇಜಿಗೆ ಓಡಿದಳು. ಗಂಡ ಯಾವುದೋ ಬಿಡಿಭಾಗ ತರಲು ಪೇಟೆಗೆ ಹೋಗಿದ್ದ. ಗಾಡಿ ಎಂಬುದೊಂದು ಮನೆಯಲ್ಲಿತ್ತು. ಅದು ನಾಲ್ಕು ಸ್ಟ್ಯಾಂಡುಗಳ ಮೇಲೆ ನೆಲ ಮುಟ್ಟದೆ ನಿಂತಿತ್ತು. ಎದುರಿನ ಅಂಗಡಿಯಿಂದ ಟೈಲರಮ್ಮ ಬರಿಗಾಲಲ್ಲಿ ಬೀದಿಗೆ ಬಂದು, ಹೋಗುತ್ತಿದ್ದ ಆಟೋಗೆ ಅಡ್ಡ ನಿಂತಳು.

ಆಸ್ಪತ್ರೆಯಲ್ಲಿ ಮಗಳ ಎರಡೂ ಕೈಗೆ ನಳಿಗೆ ಸೇರಿಸಿ ಪರದೆ ಎಳೆದರು. ಪರದೆಯ ಈಚೆ ಅವಳು ನಿಂತಿದ್ದಳು. ಸಿಸ್ಟರು ಹೊರಬಂದು ಮನೆಯಲ್ಲಿ ಕೊಡುತ್ತಿದ್ದ ಬಾಟಲಿ ತಂದಿದ್ದೀರಾ ಎಂದು ಕೇಳಿದಾಗ, ಗಡಿಬಿಡಿಯಲ್ಲಿ ಚೀಲಕ್ಕೆ ಹಾಕಿಕೊಂಡಿದ್ದ ಇಡೀ ಪೆಟ್ಟಿಗೆಯನ್ನೇ ಕೊಟ್ಟಳು. ಸಿಸ್ಟರು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಇದು ಹೆಪ್ಪುಗಟ್ಟಿ ಕರಗಿದೆ ಕಣಮ್ಮ. ಕಾಳು ನೋಡಿ. ಇದನ್ನ ಕೊಡೋದೂ ಒಂದೇ, ನೀರು ಕೊಡೋದೂ ಒಂದೇ. ಫ್ರಿಜ್ಜಿಗೆ ಏನಾಗಿತ್ತು?"

ಅವಳು ಬಾಯಿ ತೆರೆಯುವ ಮುಂಚೆ, ಆಗಷ್ಟೇ ಓಡಿಬಂದಿದ್ದ ಗಂಡ ಹಿಂದಿನಿಂದ ಹೇಳಿದ: "ಕೆಟ್ಟಿತ್ತು ಸಿಸ್ಟರ್. ಕರೆಂಟು ಏರುಪೇರಾಗಿ ಕೆಟ್ಟಿತ್ತು."

"ಮೊದಲು ಅದನ್ನ ಬದಲಾಯಿಸಿ. ಆಮೇಲೆ ಮಗೂನ ಮನೆಗೆ ಕರ್ಕೊಂಡು ಹೋಗಿ," ಎಂದು ಸಿಸ್ಟರು ಪೆಟ್ಟಿಗೆಯನ್ನು ವಾಪಸು ಕೊಟ್ಟಳು.

ಆ ಪೆಟ್ಟಿಗೆಯನ್ನು ಅವಳು ಮೊದಲ ಸಲ ಕಣ್ಣು ಬಿಟ್ಟು ನೋಡಿದಳು. ರಟ್ಟು ಒಮ್ಮೆ ನೆನೆದು ಒಣಗಿ ಸುಕ್ಕಾಗಿತ್ತು. ಒಂದು ಮೂಲೆಯಲ್ಲಿ ಕಪ್ಪು ಗ್ರೀಸಿನ ಹೆಬ್ಬೆರಳ ಗುರುತು, ಒಂದೊಂದು ಸುಳಿಯೂ ಎಣಿಸುವಷ್ಟು ಸ್ಪಷ್ಟವಾಗಿತ್ತು. ಅವಳ ಬೆರಳು ಯಾವತ್ತೂ ತೊಳೆದ ಬೆರಳು.

ಕಾರಿಡಾರಿನ ಕೊನೆಯಲ್ಲಿ, ಮುರಿದ ಮಂಚಗಳನ್ನು ಒಟ್ಟಿದ ಮೂಲೆಯಲ್ಲಿ ಅವನ ಮುಂದೆ ಪೆಟ್ಟಿಗೆ ಹಿಡಿದಳು. ಅವನು ಆ ಗುರುತನ್ನು ನೋಡಿದ.

"ನೀವು ತಂಗಿ ಮನೆಗೆ ಹೋಗಿದ್ರಲ್ಲ, ಆಗ," ಅಂದ. "ತಿರುಪು ಕೊನೇವರೆಗೂ ತಿರುಗಿಸಿದೆ. ಬಾಗಿಲಲ್ಲಿ ಅಂಟಿನ ಟ್ಯೂಬುಗಳಿಗೆ ಜಾಗ ಬೇಕಿತ್ತು, ಪೆಟ್ಟಿಗೆಯನ್ನ ಒಳಗೆ ಹಿಂದಕ್ಕೆ ತಳ್ಳಿದ್ದೆ. ಆಮೇಲೆ ಎಲ್ಲಾ ಮೊದಲಿನ ಹಾಗೇ ಇಟ್ಟಿದ್ದೆ ಕಣೇ. ತೆಗೆದ ಜಾಗಕ್ಕೇ ಇಟ್ಟಿದ್ದೆ. ನಿಮಗೆ ತೊಂದರೆ ಆಗಬಾರದು ಅಂತಾನೇ ನೀವಿಲ್ಲದ ಹೊತ್ತು ನೋಡಿ ಮಾಡಿದ್ದು."

"ನಾನು ಅವಳಿಗೆ ಹೊಡೆದೆ," ಎಂದಳು ಅವಳು.

"ಮದ್ದು ಕೆಟ್ಟಿದೆ ಅಂತ ನನಗೆ ಗೊತ್ತಿರಲಿಲ್ಲ."

"ನಾನು ಹೊಡೆದೆ ರೀ. ನೀವು ಅಲ್ಲೇ ಚಹಾ ಕುಡೀತಾ ನೋಡ್ತಿದ್ರಿ."

ಅವನು ಮುರಿದ ಮಂಚದ ಸರಳು ಹಿಡಿದು ಅತ್ತ. ಗಟ್ಟಿಯಾಗಿ, ನಾಚಿಕೆಯಿಲ್ಲದೆ ಅತ್ತ. ಇನ್ನು ಆ ಫ್ರಿಜ್ಜನ್ನು ಮುಟ್ಟಿದರೆ ಕೈ ಕತ್ತರಿಸು ಅಂದ. ಗ್ಯಾರೇಜಿಗೆ ಬೀಗ ಹಾಕು ಅಂದರೆ ಹಾಕುತ್ತೇನೆ ಅಂದ. ಡಾಕ್ಟರ ಹತ್ತಿರ ಮಾತ್ರ ಹೇಳಬೇಡ, ಮಗಳಿಗೂ ಹೇಳಬೇಡ, ಅಪ್ಪ ಅಂದರೆ ಅವಳಿಗೆ ಏನು ಉಳಿಯುತ್ತದೆ ಎಂದು ಕೈ ಹಿಡಿದುಕೊಂಡ. ಅವನ ಕೈಯ ಗ್ರೀಸು ಅವಳ ಮುಂಗೈಗೆ ಹತ್ತಿತು. ಇಸ್ತ್ರಿ ಅಂಗಿಯ ಆ ಮನುಷ್ಯ ಈ ಅಳುವಿನ ಹಿಂದೆಯೇ ನಿಂತಿದ್ದಾನೆ, ಇನ್ನೊಂದು ಮಾತು ಹೆಚ್ಚಾದರೆ ಗೋಡೆ ನೋಡುತ್ತ ಕೂತುಬಿಡುತ್ತಾನೆ ಎಂದು ಅವಳಿಗೆ ಅನ್ನಿಸಿತು. ಅತ್ತ ದರಿ, ಇತ್ತ ಪುಲಿ. ಅವಳು ಮಾತಾಡಲಿಲ್ಲ. ಅವನು ಅದನ್ನು ಒಪ್ಪಿಗೆ ಎಂದುಕೊಂಡ.

ಮಗಳು ಕಣ್ಣು ತೆರೆದಳು. ಮೊದಲು ನೀರು ಕೇಳಿದಳು. ತಾಯಿಯನ್ನು ನೋಡಿ, ಯಾರೂ ಕೇಳದಿದ್ದರೂ, "ನಾನು ತಿಂದಿಲ್ಲ" ಎಂದಳು.

"ಗೊತ್ತು ಮರಿ. ಮದ್ದು ಕೆಟ್ಟಿತ್ತು. ನಿನ್ನ ತಪ್ಪಿಲ್ಲ. ಅಮ್ಮನದು ತಪ್ಪು."

"ಮದ್ದು ಯಾಕೆ ಕೆಟ್ಟಿತು?"

ಅವಳು ಹೊದಿಕೆ ಸರಿಮಾಡಿದಳು. ಮಗಳು ಮತ್ತೆ ಗೋಡೆಯ ಕಡೆ ತಿರುಗಿದಳು.

ಟೈಲರಮ್ಮ ಬ್ರೆಡ್ಡು, ಒಗೆದ ಬಟ್ಟೆ ತೆಗೆದುಕೊಂಡು ಬಂದಾಗ, ಅವಳಿಗೊಬ್ಬಳಿಗೆ ಮಾತ್ರ ಎಲ್ಲವನ್ನೂ ಹೇಳಿದಳು. ಟೈಲರಮ್ಮನಿಗೆ ಜೋಕು ಹುಟ್ಟದ ದಿನ ಅದೊಂದೇ.

"ಅಂಗಡಿ ಹಿಂದೆ ಬಟ್ಟೆ ಗಂಟು ಇಡೋ ಕೋಣೆ ಇದೆ," ಎಂದಳು ಕೊನೆಗೆ. "ಗಂಟು ಅಟ್ಟಕ್ಕೆ ಹಾಕಿದ್ರೆ ಎರಡು ಹಾಸಿಗೆ ಹಿಡಿಯುತ್ತೆ. ಕಿಟಕಿ ಚಿಕ್ಕದು. ನನ್ನ ಫ್ರಿಜ್ಜಲ್ಲಿ ನಿಂಬೆಹಣ್ಣು ಬಿಟ್ರೆ ಏನೂ ಇರಲ್ಲ. ನಾನೇನೂ ಬಾ ಅಂತಿಲ್ಲ. ನಾಳೆ ಗಂಡಹೆಂಡಿರು ಒಂದಾಗ್ತೀರಿ, ಮುರಿದವಳು ನಾನು ಅಂತ ಆಗ್ತೀನಿ. ಇದೆ ಅಂತ ಹೇಳ್ದೆ, ಅಷ್ಟೆ."

"ಅವರು ಇನ್ನು ಮುಟ್ಟಲ್ಲ ಅಂದಿದಾರೆ ಅಕ್ಕಾ. ಅತ್ತುಬಿಟ್ರು."

"ಅಳು ಬಂದಿದ್ದು ನಿಜಾನೇ ಇರಬೇಕು," ಎಂದಳು ಟೈಲರಮ್ಮ. "ನನ್ನವನೂ ಅಳ್ತಿದ್ದ."

ನಾಳೆ ಬೆಳಗ್ಗೆ ಮನೆಗೆ ಕರೆದುಕೊಂಡು ಹೋಗಬಹುದು ಎಂದು ಡಾಕ್ಟರು ಹೇಳಿದ ಸಂಜೆ ಗಂಡ ಮನೆಯಿಂದ ಮಿಂದು ಬಂದ. ನೀನು ಎಷ್ಟೊಂದು ದಿನದಿಂದ ಮಲಗಿಲ್ಲ, ಹೋಗಿ ನಿದ್ದೆ ಮಾಡು, ಮಗಳ ಹತ್ತಿರ ನಾನಿರುತ್ತೇನೆ ಎಂದ. ಉಗುರು ಸಹ ತಿಕ್ಕಿ ತೊಳೆದಿದ್ದ. ಅವಳು ಆ ಉಗುರುಗಳನ್ನು ನೋಡಿದಳು. ಆಗಲಿ, ಟೈಲರಮ್ಮನ ಕೋಣೆ ಬೇಡ, ಮನೆಯೇ ಇರಲಿ, ಅಂದುಕೊಂಡು ಮನೆಗೆ ಬಂದಳು. ಬಂದವಳು ಬಿದ್ದಲ್ಲೇ ಮಲಗಿದಳು.

ನಲ್ಲಿಯ ಸದ್ದಿಗೆ ಎಚ್ಚರವಾಯಿತು. ಹೊರಗೆ ಇನ್ನೂ ಕತ್ತಲೆ. ಡ್ರಮ್ಮಿಗೆ ಪೈಪು ಬಿಟ್ಟಳು. ಸೀಮೆಎಣ್ಣೆಯಲ್ಲಿ ನಟ್ಟು ನೆನೆದಿರಲಿಲ್ಲ, ನೆಲದ ಮೇಲೆ ಹೆಜ್ಜೆಗಳಿರಲಿಲ್ಲ. ಮಗಳ ಮಂಚ ಕೊಡವಿ ಒಗೆದ ಹೊದಿಕೆ ಹಾಸಿದಳು. ಮಂಚದ ಕೆಳಗಿನ ಬಂಪರನ್ನು ಎಳೆದು ಗ್ಯಾರೇಜಿಗೆ ಸಾಗಿಸಿದಳು. ಎಲ್ಲ ಮುಗಿಸಿ ಕೈ ತೊಳೆದು, ಹೊಸ ಮದ್ದು ಬರುವ ಜಾಗವನ್ನು ಒರೆಸಿಡೋಣವೆಂದು ಫ್ರಿಜ್ಜಿನ ಬಾಗಿಲು ತೆರೆದಳು.

ತಂಪು ಮುಖಕ್ಕೆ ಬಡಿಯಿತು. ತಟ್ಟೆಯ ಮೇಲೆ ಉಳಿದಿದ್ದ ಒಂದು ಟೊಮೇಟೊ ಕಲ್ಲಾಗಿತ್ತು. ತಿರುಪು ಕೊನೆಯಲ್ಲಿತ್ತು. ಫ್ರೀಜರಿನ ಪುಟ್ಟ ಬಾಗಿಲ ಹಿಂದೆ, ಖಾಲಿ ಹಾಲಿನ ಪೊಟ್ಟಣದೊಳಗೆ ನೀಟಾಗಿ ಸುತ್ತಿ, ರಬ್ಬರು ಹಾಕಿ, ಎಡಗಡೆಯ ಚಕ್ರದ ಬೇರಿಂಗು ಕೂತಿತ್ತು.

ಅವಳು ಫೋನು ಮಾಡಿದಳು. ಗಂಡ ತಗ್ಗಿದ ದನಿಯಲ್ಲಿ ಮಾತಾಡಿದ, ಮಗಳು ಮಲಗಿರಬೇಕು.

"ಫ್ರಿಜ್ಜಲ್ಲಿ ಏನಿಟ್ಟಿದೀರಿ?"

"ಅದಾ? ನೆನ್ನೆ ಬರೋವಾಗ ಇಟ್ಟೆ. ಹೇಗಿದ್ರೂ ಖಾಲಿ ಇತ್ತಲ್ಲ." ಅವನ ದನಿಯಲ್ಲಿ ಕಳ್ಳತನವಿರಲಿಲ್ಲ. "ನೀನಿಲ್ಲಿಗೆ ಬಂದ ಕೂಡಲೇ ನಾನು ಮುಂದಾಗಿ ಹೋಗಿ, ನೀವಿಬ್ರೂ ಮನೆ ಸೇರೋದ್ರೊಳಗೆ ತೆಗೆದು ತಿರುಪು ಮೊದಲಿನ ಹಾಗೆ ಮಾಡಿಬಿಡ್ತೀನಿ. ಮಗಳು ಬಂದಮೇಲೆ ಮುಟ್ಟೋ ಹಾಗಿಲ್ಲ ನೋಡು, ಅದಕ್ಕೇ ಇವತ್ತೇ ಮುಗಿಸೋಣ ಅಂತ. ಈಗ ಅದರಲ್ಲಿ ಮದ್ದಿಲ್ವಲ್ಲ?"

ಅವನು ಹೇಳಿದ್ದರಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕಿದರೆ ಬೆರಳಿಟ್ಟು ತೋರಿಸಲು ಸಿಗುವಂತಿರಲಿಲ್ಲ. ಮದ್ದು ಇರಲಿಲ್ಲ. ಮಗಳು ಇರಲಿಲ್ಲ. ಅವರಿಲ್ಲದ ಹೊತ್ತು ನೋಡಿಯೇ ಮಾಡಿದ್ದ.

"ಏನೇ? ಕೇಳಿಸ್ತಾ? ಅದನ್ನ ಈಗ ಹೊರಗೆ ತೆಗೀಬೇಡ ಮತ್ತೆ. ಬಿಸಿಯಾಗಿ ಹಿಗ್ಗಿಬಿಡುತ್ತೆ."

"ತೆಗೆಯಲ್ಲ," ಎಂದಳು.

ಫೋನು ಇಟ್ಟು ಫ್ರಿಜ್ಜಿನ ಮುಂದೆಯೇ ನೆಲದ ಮೇಲೆ ಕೂತಳು. ಟೈಲರಮ್ಮನನ್ನು ಕೇಳಬಹುದಿತ್ತು; ಎದುರಿನ ಶಟರು ಇನ್ನೂ ಮುಚ್ಚಿತ್ತು. ತಂಗಿಗೆ ಫೋನು ಮಾಡಿದರೆ, ಭಾವನೋರಿಗೂ ಪಾಪ ಕೆಲಸ ಹೋಗಿದೆ ಅಲ್ವೇನಕ್ಕಾ, ಸ್ವಲ್ಪ ಸಹಿಸ್ಕೋ ಅನ್ನುತ್ತಾಳೆ. ಸಹಿಸಬಹುದು. ಬೆಳಗ್ಗೆ ಸಂಜೆ ತಿರುಪು ನೋಡುತ್ತ, ಪ್ರತಿ ಬಾಟಲಿಯನ್ನೂ ಬೆಳಕಿಗೆ ಹಿಡಿಯುತ್ತ, ಅಂಗಡಿಗೆ ಹೋದಾಗ ಮನಸ್ಸನ್ನು ಫ್ರಿಜ್ಜಿನ ಮುಂದೆ ಕಾವಲಿಟ್ಟು, ಅವನು ಒಳ್ಳೆಯವನೇ ಎಂದು ಮಗಳಿಗೆ ಹೇಳುತ್ತ, ಇನ್ನೂ ಎಷ್ಟು ವರ್ಷ ಬೇಕಾದರೂ ಸಹಿಸಬಹುದು. ಆದರೆ ಕಾವಲಿನವಳು ಒಂದು ದಿನ ನಿದ್ದೆ ಹೋಗುತ್ತಾಳೆ. ಅಥವಾ ಕಾರಿನಡಿಯಿಂದ ಕೂಗು ಬರುತ್ತದೆ, ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತಾಳೆ.

ಡ್ರಮ್ಮು ತುಂಬಿ ನೀರು ನೆಲಕ್ಕೆ ಹರಿಯುವ ಸದ್ದು ಕೇಳಿತು. ಎದ್ದು ನಲ್ಲಿ ನಿಲ್ಲಿಸಿದಳು. ಚೆಲ್ಲಿದ ನೀರನ್ನು ಒರೆಸಲಿಲ್ಲ.

ಬೇರಿಂಗನ್ನು ಇದ್ದಲ್ಲೇ ಬಿಟ್ಟು ಫ್ರಿಜ್ಜಿನ ಬಾಗಿಲು ಹಾಕಿದಳು. ಅಟ್ಟದಿಂದ ದೊಡ್ಡ ಚೀಲ ಇಳಿಸಿದಳು. ಮೀಟರು, ಸೂಜಿಗಳು, ತಂಪು ಡಬ್ಬಿ ಮೊದಲು ಹೋದವು. ಮಗಳ ಶಾಲೆಯ ಅಂಗಿಗಳು, ಪುಸ್ತಕ, ಹೊಳೆಯುವ ಕಾಗದವಿದ್ದ ಕಂಪಾಸಿನ ಡಬ್ಬಿ. ತನ್ನ ಎರಡು ಸೀರೆ, ಕಾಜಾದ ಕತ್ತರಿ. ಆಸ್ಪತ್ರೆಯಲ್ಲಿ ಮಗಳು ಮತ್ತೆ ಕೇಳುತ್ತಾಳೆ, ಮದ್ದು ಯಾಕೆ ಕೆಟ್ಟಿತು ಎಂದು. ಈ ಸಲ ಹೇಳಬೇಕು, ಅವಳಿಗೂ, ಸಿಸ್ಟರಿಗೂ. ಹೊಸ ಮದ್ದನ್ನು ಅಲ್ಲಿಂದ ನೇರ ಟೈಲರಮ್ಮನ ಫ್ರಿಜ್ಜಿಗೆ ಒಯ್ಯಬೇಕು.

ಕಪಾಟಿನ ಬಾಗಿಲು ಮುಚ್ಚಲು ಹೋದವಳು ಒಂದು ಗಳಿಗೆ ನಿಂತಳು. ಬೇಸಿಗೆ ಈಗಷ್ಟೇ ಶುರುವಾಗಿತ್ತು, ಚಳಿಗಾಲ ಬಹಳ ದೂರವಿತ್ತು. ಅಷ್ಟು ಹೊತ್ತಿಗೇ ಕತ್ತಿನ ಹಿಂದೆ ಬೆವರು ಇಳಿಯುತ್ತಿತ್ತು. ಮೇಲಿನ ಖಾನೆಗೆ ಕೈ ಚಾಚಿ ಮಗಳ ಉಣ್ಣೆಯ ಸ್ವೆಟರನ್ನು ಎಳೆದು, ಮಡಿಸಿ, ಚೀಲಕ್ಕೆ ಹಾಕಿಕೊಂಡಳು.